ಕರುವಿನಲ್ಲಿ ಹೋರಿಯ ಪಾಲೆಷ್ಟು, ದನದ ಪಾಲೆಷ್ಟು?

2016ರ ಆಟಿ ತಿಂಗಳು. ಮೂರು ದಿನದಿಂದ ಬಿಡದೆ ಮಳೆ. ಕರೆಂಟಿಲ್ಲ. ನಮ್ಮ ಹಟ್ಟಿಯ ಕಡಸು ಬೆಳಿಗ್ಗೆಯಿಂದ ನೋವು ತಿನ್ನುತ್ತಿತ್ತು. ಊರ ದನದ ಕಡಸು, ಚೊಚ್ಚಲು. ಎದ್ದು ನಿಂತರೆ ನನ್ನ ಸೊಂಟದೆತ್ತರ. ಮಧ್ಯಾಹ್ನದ ಹೊತ್ತಿಗೆ ಎರಡು ಗೊರಸು ಹೊರಗೆ ಕಂಡವು. ನೋಡಿದ ಕೂಡಲೇ ಮನೆಯವಳು, "ಇದು ಊರ ಕರುವಿನ ಕಾಲಲ್ಲ, ಇಷ್ಟು ದಪ್ಪ ಎಂತಕ್ಕೆ?" ಎಂದಳು. ನನಗೂ ಎದೆ ಧಸಕ್ಕೆಂದಿತು.

ಡಾಕ್ಟ್ರು ಹೊಳೆ ಸುತ್ತಿ ಬಳಸಿ ಬಂದು ಮುಟ್ಟುವಾಗ ಕತ್ತಲೆ. ನಾಲ್ಕು ಜನ ಸೇರಿ ಎಳೆದು ಕರುವನ್ನು ಹೊರಗೆ ತೆಗೆದೆವು. ಕಪ್ಪು ಬಿಳಿ ಮಚ್ಚೆಯ ಗಂಡು ಕರು, ಜೀವ ಇರಲಿಲ್ಲ. ಕಡಸು ಮರುದಿನ ಬೆಳಕು ಹರಿಯುವ ಮೊದಲೇ ಹೋಯಿತು.

ತಪ್ಪು ನನ್ನದೂ ಇತ್ತು. ಇಂಜೆಕ್ಷನ್ ಕೊಡಿಸುವಾಗ ನಾನು ಕೇಳಿದ್ದು ಜರ್ಸಿ. ಅವತ್ತು ಬಂದವರ ಕ್ಯಾನಿನಲ್ಲಿ ಉಳಿದದ್ದು ಎಚ್‌ಎಫ್ ಮಾತ್ರ. "ಇದೂ ಆಗ್ತದೆ, ಹಾಲು ಇನ್ನೂ ಜಾಸ್ತಿ" ಎಂದರು. ಬೆದೆ ತಪ್ಪಿದರೆ ಇನ್ನೊಂದು ಇಪ್ಪತ್ತು ದಿನ ಕಾಯಬೇಕಲ್ಲ ಎಂದು ನಾನೂ ಹೂಂ ಎಂದೆ. ಶುದ್ಧ ಎಚ್‌ಎಫ್ ಕರು ಹುಟ್ಟುವಾಗಲೇ 40 ಕಿಲೋದ ಹತ್ತಿರ ತೂಗುತ್ತದೆ, ಜರ್ಸಿಯದ್ದು 25ರ ಆಸುಪಾಸು. ನಮ್ಮ ಊರ ಕರುವನ್ನು ಮಕ್ಕಳು ಕಂಕುಳಲ್ಲಿ ಎತ್ತಿಕೊಂಡು ಬರುತ್ತಾರೆ. ಈ ಲೆಕ್ಕ ನನಗೆ ಗೊತ್ತಿರಲಿಲ್ಲವೆಂದಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ.

ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಕರು ಬೆಳೆದದ್ದು ದನದ ಹೊಟ್ಟೆಯಲ್ಲಿ, ತಿಂದದ್ದು ದನದ ರಕ್ತ. ಹೋರಿ ಕೊಟ್ಟದ್ದು ಒಂದು ಕಡ್ಡಿಯಲ್ಲಿ ಹಿಡಿಯುವ ನಾಲ್ಕು ತೊಟ್ಟೂ ಇಲ್ಲ. ಹಾಗಿರುವಾಗ ಕರು ತಾಯಿಯ ಅಳತೆ ಮೀರಿ ಬೆಳೆಯಲಿಕ್ಕೆ ತಾಯಿಯೇ ಯಾಕೆ ಬಿಟ್ಟಿತು?

ನಮ್ಮ ಅಜ್ಜಂದಿರು ಬಿತ್ತು ಮುಖ್ಯವೋ ಗದ್ದೆ ಮುಖ್ಯವೋ ಎಂದು ಜಗಲಿಯಲ್ಲಿ ಕೂತು ವಾದ ಮಾಡುತ್ತಿದ್ದರು. ಶಾಲೆಯಲ್ಲಿ ಮಾಷ್ಟ್ರು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಎಂದು ಹೇಳಿ ಮುಗಿಸಿದರು. ನಾನು ಓದಿದ್ದು ಏಳನೇ ಕ್ಲಾಸು, ಅಲ್ಲಿಗೆ ಅದು ಸಾಕಿತ್ತು. ತಮ್ಮನ ಮಗ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಸೇರಿದ ಮೇಲೆ ರಜೆಯಲ್ಲಿ ಬಂದಾಗಲೆಲ್ಲ ಅವನನ್ನು ಹಿಡಿದು ಕೇಳಿದೆ. "ದೊಡ್ಡಪ್ಪ, ಅರ್ಧ ಅರ್ಧ ಹೌದು, ಆದರೆ ಎರಡು ಅರ್ಧ ಒಂದೇ ಅಲ್ಲ" ಎಂದ. ಅಲ್ಲಿಂದ ಶುರುವಾದ ವಿಚಾರವಿದು. ಹಟ್ಟಿ ಇರುವ ಎಲ್ಲರಿಗೂ ಬೇಕಾದ್ದೆಂದು ಬರೆಯುತ್ತಿದ್ದೇನೆ.

ಇಲಿಯ ಅಂಡದಲ್ಲಿ ನಡೆದ ಪರೀಕ್ಷೆ

ವೀರ್ಯಾಣು ಅಂಡದೊಳಗೆ ಹೊಕ್ಕ ಮೇಲೆ ತಂದೆಯ ಗಂಟು, ತಾಯಿಯ ಗಂಟು ಕೂಡಲೇ ಬೆರೆಯುವುದಿಲ್ಲವಂತೆ. ಕೆಲವು ತಾಸು ಎರಡೂ ಬೇರೆ ಬೇರೆ ಇರುತ್ತವೆ, ಸೂಕ್ಷ್ಮದರ್ಶಕದಲ್ಲಿ ಎರಡು ಗುಳ್ಳೆಯ ಹಾಗೆ ಕಾಣುತ್ತವೆ. ಆ ಹೊತ್ತಿನಲ್ಲಿ ಕೂದಲಿಗಿಂತ ಸಪೂರದ ಗಾಜಿನ ನಳಿಗೆಯಿಂದ ಒಂದು ಗುಳ್ಳೆಯನ್ನು ಹೀರಿ ತೆಗೆದು ಇನ್ನೊಂದನ್ನು ಇಡಬಹುದು. 1984ರಲ್ಲಿ ಎರಡು ಕಡೆ ಈ ಕೆಲಸ ಮಾಡಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಜೀಮ್ ಸುರಾನಿ ಮತ್ತು ಜೊತೆಯವರು, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೇಮ್ಸ್ ಮೆಕ್‌ಗ್ರಾ ಮತ್ತು ಡಾವೊರ್ ಸೋಲ್ಟರ್.

ಅವರು ಕೆಲವು ಇಲಿ ಅಂಡಗಳಲ್ಲಿ ಎರಡೂ ಗಂಟು ತಾಯಿಯದ್ದೇ ಇಟ್ಟರು, ಕೆಲವಲ್ಲಿ ಎರಡೂ ತಂದೆಯದ್ದೇ ಇಟ್ಟರು. ಲೆಕ್ಕದಲ್ಲಿ ಯಾವುದಕ್ಕೂ ಕೊರತೆಯಿಲ್ಲ, ಪ್ರತಿ ಜೀನಿಗೂ ಎರಡು ಪ್ರತಿ ಇದೆ. ಅರ್ಧ ಅರ್ಧ ಎಂಬ ಮಾತು ಪೂರ್ತಿ ಸರಿಯಾಗಿದ್ದರೆ ಮರಿ ಹುಟ್ಟಬೇಕಿತ್ತು. ಒಂದೂ ಹುಟ್ಟಲಿಲ್ಲ. ಗಂಡಿನದ್ದೊಂದು ಹೆಣ್ಣಿನದ್ದೊಂದು ಇಟ್ಟು ಅದೇ ಸೂಜಿ ಕೆಲಸ ಮಾಡಿದ ಅಂಡಗಳು ಮಾತ್ರ ಮರಿಯಾದವು. ಅಂದರೆ ಸೂಜಿ ಚುಚ್ಚಿದ್ದರಿಂದ ಹಾಳಾದದ್ದಲ್ಲ.

ಹಾಳಾದ ರೀತಿಯೂ ಬೇರೆ ಬೇರೆ. ಎರಡೂ ತಾಯಿಯದ್ದಾದಲ್ಲಿ ಭ್ರೂಣ ಸಣ್ಣದಾದರೂ ಆಕಾರಕ್ಕೆ ಬರುತ್ತಿತ್ತು, ಆದರೆ ಅದಕ್ಕೆ ಅನ್ನ ತರುವ ಕಸ (ಮಾಸು) ಬೆಳೆಯುತ್ತಿರಲಿಲ್ಲ. ಸುಮಾರು ಹತ್ತನೇ ದಿನಕ್ಕೆ ನಿಂತುಹೋಗುತ್ತಿತ್ತು. ಎರಡೂ ತಂದೆಯದ್ದಾದಲ್ಲಿ ತಿರುಗು ಮುರುಗು: ಕಸದ ಭಾಗ ಸೊಂಪಾಗಿ ಬೆಳೆಯುತ್ತಿತ್ತು, ಭ್ರೂಣ ಹೆಸರಿಗೆ ಮಾತ್ರ.

ಇದು ಇಲಿಯ ಕತೆ ಮಾತ್ರವಲ್ಲ. ಹೆಂಗಸರಲ್ಲಿ ಅಪರೂಪಕ್ಕೆ ಗರ್ಭ ನಿಂತ ಎಲ್ಲ ಲಕ್ಷಣ ಇದ್ದು, ಒಳಗೆ ಮಗುವಿಲ್ಲದೆ ದ್ರಾಕ್ಷಿ ಗೊಂಚಲಿನ ಹಾಗೆ ನೀರ್ಗುಳ್ಳೆ ತುಂಬಿರುವುದುಂಟು. ಹಿಂದೆ ಇದಕ್ಕೆ ಹೆಂಗಸಿನ ದೋಷ, ದೈವದ ಮುನಿಸು ಎಂದೆಲ್ಲ ಹೇಳುತ್ತಿದ್ದರು. 1977ರಲ್ಲಿ ಜಪಾನಿನವರು ಪರೀಕ್ಷೆ ಮಾಡಿ ನೋಡಿದಾಗ ಆ ಗೊಂಚಲಿನ ವರ್ಣತಂತು ಎರಡು ಪಾಲೂ ಗಂಡಿನದ್ದೇ. ಅಂಡದಲ್ಲಿರಬೇಕಾದ ತಾಯಿಯ ಪಾಲು ಹೇಗೋ ಕಳೆದುಹೋಗಿತ್ತು. ತಂದೆಯ ಪಾಲು ಒಂಟಿಯಾದರೆ ಕಸವೇ ಕಸ. ಇಲಿಯಲ್ಲಿ ಕಂಡದ್ದೂ ಇದೇ.

ಅಳಿಯಕಟ್ಟು, ಮಕ್ಕಳಕಟ್ಟು

ಇದನ್ನು ನನಗೆ ಅರ್ಥ ಮಾಡಿಸಲು ಹುಡುಗ ಇಂಗ್ಲಿಷ್ ಶಬ್ದ ಬಹಳ ಹೇಳಿದ. ಕಡೆಗೆ ನಾನೇ ನಮ್ಮೂರಿನ ಲೆಕ್ಕದಲ್ಲಿ ಹಿಡಿದೆ. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಆಸ್ತಿ ತಂದೆಯಿಂದ ಮಕ್ಕಳಿಗೆ. ಇನ್ನು ಕೆಲವರಲ್ಲಿ ತಾಯಿಯ ಕಡೆಯಿಂದ, ಮಾವನಿಂದ ಅಳಿಯನಿಗೆ. 1956ರ ವಾರಸು ಕಾಯ್ದೆಯ ನಂತರ ಅದು ಸಡಿಲವಾದರೂ ಹಿರಿಯರಿಗೆ ಯಾವ ಮನೆ ಯಾವ ಕಟ್ಟು ಎಂದು ಈಗಲೂ ಬಾಯಿಪಾಠ.

ಜೀನುಗಳಲ್ಲೂ ಹಾಗೆ. ದನಕ್ಕಾಗಲಿ ಮನುಷ್ಯನಿಗಾಗಲಿ ಇರುವ ಸುಮಾರು ಇಪ್ಪತ್ತು ಸಾವಿರ ಜೀನುಗಳಲ್ಲಿ ಹೆಚ್ಚಿನವಕ್ಕೆ ಎರಡೂ ಪ್ರತಿ ಕೆಲಸ ಮಾಡುತ್ತವೆ, ತಂದೆ ತಾಯಿ ಭೇದವಿಲ್ಲ. ನೂರು ನೂರೈವತ್ತರಷ್ಟು ಮಾತ್ರ ಈ ಕಟ್ಟಿಗೆ ಸೇರಿದವು. ಕೆಲವು ಮಕ್ಕಳಕಟ್ಟು: ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ತಾಯಿಯದ್ದು ಬಾಯಿ ಮುಚ್ಚಿ ಕೂತಿರುತ್ತದೆ. ಕೆಲವು ಅಳಿಯಕಟ್ಟು: ತಾಯಿಯದ್ದಕ್ಕೆ ಮಾತ್ರ ಅಧಿಕಾರ. ಸಂಖ್ಯೆ ಸಣ್ಣದಾದರೂ ಇವುಗಳಲ್ಲಿ ಹಲವು ಕೂತಿರುವುದು ಬೆಳವಣಿಗೆಯ ಜಾಗದಲ್ಲಿ. ಕಸ ಎಷ್ಟು ದೊಡ್ಡದಾಗಬೇಕು, ಮರಿ ಎಷ್ಟು ತೂಗಬೇಕು, ಹುಟ್ಟಿದ ಮರಿ ಎಷ್ಟು ಚುರುಕಾಗಿ ಮೊಲೆ ಹಿಡಿಯಬೇಕು ಎಂಬಲ್ಲಿ.

ಬಾಯಿ ಮುಚ್ಚಿಸುವುದು ಹೇಗೆ? ಡಿಎನ್‌ಎ ಎಂಬ ನೂಲಿನ ಮೇಲೆ ಕೆಲವು ಜಾಗದಲ್ಲಿ ಮೀಥೈಲ್ ಎಂಬ ಸಣ್ಣ ರಾಸಾಯನಿಕ ತುಣುಕು ಅಂಟುತ್ತದೆ. ಅಕ್ಷರ ಬದಲಾಗುವುದಿಲ್ಲ, ಮೇಲೊಂದು ಸೀಲು ಬೀಳುತ್ತದೆ ಅಷ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ಇಂಪ್ರಿಂಟಿಂಗ್ ಎನ್ನುತ್ತಾರೆ, ಮುದ್ರೆ ಒತ್ತುವುದು. ಸ್ವಾರಸ್ಯ ಇರುವುದು ಮುಂದೆ. ಒಂದು ಹೋರಿಗೆ ತನ್ನ ತಾಯಿಯಿಂದ ಮಕ್ಕಳಕಟ್ಟಿನ ಒಂದು ಜೀನು ಬಂತೆನ್ನಿ. ಹೋರಿಯ ಮೈಯಲ್ಲಿ ಅದು ಇಡೀ ಆಯುಷ್ಯ ನಿದ್ದೆ. ಆದರೆ ಅದೇ ಹೋರಿ ವೀರ್ಯಾಣು ಮಾಡುವಾಗ ಹಳೆಯ ಸೀಲನ್ನೆಲ್ಲ ಅಳಿಸಿ ತನ್ನ ಸೀಲು ಒತ್ತುತ್ತದೆ. ಕರುವಿಗೆ ಹೋದಾಗ ಆ ಜೀನು ತಂದೆಯಿಂದ ಬಂದದ್ದಾಯಿತು, ಎದ್ದು ಕೆಲಸಕ್ಕೆ ಇಳಿಯುತ್ತದೆ. ಅಜ್ಜಿಯಲ್ಲಿ ಇದ್ದ ಗುಣ ಮಗನಲ್ಲಿ ಕಾಣದೆ ಮೊಮ್ಮಗಳಲ್ಲಿ ಕಾಣುವುದಕ್ಕೆ ಇದೂ ಒಂದು ದಾರಿ.

1991ರಲ್ಲಿ ಇಂಥ ಜೀನುಗಳು ಒಂದೊಂದಾಗಿ ಕೈಗೆ ಸಿಕ್ಕವು. ಅದರಲ್ಲಿ ಎರಡರ ಹೆಸರು ಹಟ್ಟಿಯವರಿಗೂ ಗೊತ್ತಿರಲಿ. ಒಂದು ಐಜಿಎಫ್‌2, ಬೆಳೆಸುವ ಜೀನು, ಮಕ್ಕಳಕಟ್ಟು. ಇನ್ನೊಂದು ಐಜಿಎಫ್‌2ಆರ್, ಆ ಬೆಳೆಸುವ ರಸವನ್ನು ಹಿಡಿದು ಕರಗಿಸುವುದು, ಇಲಿಯಲ್ಲೂ ದನದಲ್ಲೂ ಅಳಿಯಕಟ್ಟು. ತಂದೆಯ ಕಡೆಯ ಐಜಿಎಫ್‌2 ಕೆಡಿಸಿದಾಗ ಇಲಿಮರಿ ಹುಟ್ಟುವಾಗ ಮಾಮೂಲಿನ ನೂರಕ್ಕೆ ಅರವತ್ತರಷ್ಟೇ ತೂಗಿತು. ತಾಯಿಯ ಕಡೆಯದ್ದು ಕೆಡಿಸಿದರೆ ಏನೂ ಆಗಲಿಲ್ಲ, ಹೇಗೂ ಅದು ಮಲಗಿಯೇ ಇತ್ತು. ತಾಯಿಯ ಕಡೆಯ ಐಜಿಎಫ್‌2ಆರ್ ಕೆಡಿಸಿದಾಗ ಮರಿ ಕಾಲು ಪಾಲಿನಷ್ಟು ಹೆಚ್ಚು ತೂಕದ್ದಾಗಿ, ಹೆಚ್ಚಿನವು ಹುಟ್ಟುವ ಹೊತ್ತಿಗೇ ಸತ್ತವು. ಒಂದು ಎಕ್ಸಿಲೇಟರು, ಒಂದು ಬ್ರೇಕು. ಎಕ್ಸಿಲೇಟರು ತಂದೆಯ ಕಾಲಿನಡಿ, ಬ್ರೇಕು ತಾಯಿಯ ಕಾಲಿನಡಿ.

ಗುತ್ತಿಗೆಗೆ ಕೊಟ್ಟ ರಬ್ಬರು

ಯಾಕೆ ಹೀಗೆ? ಡೇವಿಡ್ ಹೇಗ್ ಎಂಬವರು 1989ರಿಂದ ಈಚೆಗೆ ಒಂದು ವಿವರಣೆ ಕೊಟ್ಟಿದ್ದಾರೆ. ಅದು ನನಗೆ ಒಪ್ಪಿಗೆಯಾದದ್ದು ಸುಳ್ಯ ಕಡಬದ ರಬ್ಬರು ತೋಟಗಳನ್ನು ನೋಡಿ. ಸ್ವಂತ ಟ್ಯಾಪ್ ಮಾಡುವವ ತೊಗಟೆ ನೋಡಿ, ಮರದ ದಣಿವು ನೋಡಿ, ದಿನ ಬಿಟ್ಟು ದಿನ ಕಡಿಯುತ್ತಾನೆ. ಮುಂದಿನ ವರ್ಷವೂ ಆ ಮರ ಅವನಿಗೆ ಬೇಕು. ಕಡಿದು ಮಾರುವ ಮೊದಲು ಎರಡು ವರ್ಷಕ್ಕೆ ಗುತ್ತಿಗೆ ಹಿಡಿದವ? ಎರಡು ಕಡೆಯಿಂದ ಕಡಿದು, ಮೇಲೆ ಹತ್ತಿ ಕಡಿದು, ಇದ್ದ ಹಾಲೆಲ್ಲ ಇಳಿಸುತ್ತಾನೆ. ಅವನನ್ನು ಬೈದು ಸುಖವಿಲ್ಲ, ಅವನ ಲೆಕ್ಕ ಅಷ್ಟೇ ದಿನದ್ದು. ಹಿಂದಿನ ಚಾಲಗೇಣಿ ಗದ್ದೆಗಳೂ ಹಾಗೇ ಬಡಕಲಾದದ್ದು.

ತಾಯಿಯ ಜೀನಿಗೆ ಈ ಕರುವೂ ಬೇಕು, ಬರುವ ವರ್ಷದ ಕರುವೂ ಬೇಕು. ಎರಡರಲ್ಲೂ ಅದರ ಪಾಲು ಸಮ. ತಂದೆಯ ಜೀನಿಗೆ ಈ ಒಂದು ಕರುವಿನಲ್ಲಿ ಮಾತ್ರ ಪಾಲು. ಮುಂದಿನದು ಬೇರೆ ಹೋರಿಯದ್ದಾದರೆ ಅದಕ್ಕೇನು? ಹಾಗಾಗಿ ತಂದೆಯದ್ದು ಹೆಚ್ಚು ಎಳೆಯುವ ಕಡೆ, ತಾಯಿಯದ್ದು ತಡೆದು ಉಳಿಸುವ ಕಡೆ. ಜೀನು ಕೂತು ಯೋಚನೆ ಮಾಡುತ್ತದೆಂದಲ್ಲ. ಲಕ್ಷಾಂತರ ವರ್ಷದಲ್ಲಿ ಯಾವುದು ಉಳಿಯಿತೋ ಅದರ ಲೆಕ್ಕ ಹೀಗೆ ಕಾಣುತ್ತದೆ. ಒಂದೇ ತಳಿಯೊಳಗೆ ಎಳೆಯುವವನಿಗೂ ತಡೆಯುವವಳಿಗೂ ಬಲ ಸರಿಸಮ. ಮರಿ ಹದವಾಗಿ ಹುಟ್ಟುತ್ತದೆ. ದೂರದ ಎರಡು ತಳಿ, ಎರಡು ಜಾತಿ ಬೆರೆತಾಗ ಆ ಹದ ತಪ್ಪಬಹುದು.

ಕೋಳಿಯಲ್ಲಿ ಈ ಮುದ್ರೆ ಇಲ್ಲ. ಹೇಂಟೆ ಮೊಟ್ಟೆಯೊಳಗೆ ಬುತ್ತಿ ಕಟ್ಟಿ ಮುಗಿಸಿದ ಮೇಲೆ ಹುಂಜದ ಜೀನು ಎಷ್ಟು ಎಳೆದರೂ ಸಿಗುವುದು ಅಷ್ಟೇ. ಟರ್ಕಿ ಕೋಳಿಯಲ್ಲಿ ಗಂಡಿಲ್ಲದೆ ಇಟ್ಟ ಮೊಟ್ಟೆಯೂ ಅಪರೂಪಕ್ಕೆ ಮರಿಯಾದದ್ದುಂಟು. ಜೇನಿನಲ್ಲಿ ಗಂಡುನೊಣಕ್ಕೆ ತಂದೆಯೇ ಇಲ್ಲವೆಂದು ಪುತ್ತೂರು ಸುಳ್ಯದ ಜೇನು ಸಾಕುವವರಿಗೆ ಗೊತ್ತು. ನೆಕ್ಕರೆ ಮಾವಿನ ಒಂದು ಗೊರಟಿನಿಂದ ಮೂರು ನಾಲ್ಕು ಸಸಿ ಬಂದು, ಹೆಚ್ಚಿನವು ತಾಯಿ ಮರದ ಹಾಗೆಯೇ ಆಗುವುದನ್ನೂ ನೋಡಿದ್ದೇವೆ. ತಂದೆಯಿಲ್ಲದೆ ಆಗದೇ ಆಗದು ಎಂಬ ಕಟ್ಟುನಿಟ್ಟು ಹೊಟ್ಟೆಯಲ್ಲಿ ಹೊತ್ತು ಹಾಲೂಡಿಸುವ ಪ್ರಾಣಿಗಳಲ್ಲಿ.

ಪ್ರಯೋಗಶಾಲೆಯಲ್ಲಿ ಆ ಕಟ್ಟನ್ನೂ ಮುರಿದು ನೋಡಿದ್ದಾರೆ. ಜಪಾನಿನಲ್ಲಿ 2004ರಲ್ಲಿ ಮುದ್ರೆ ತಿದ್ದಿ ಎರಡು ತಾಯಂದಿರ ಒಂದು ಹೆಣ್ಣಿಲಿ ಹುಟ್ಟಿ ಬೆಳೆದು ಮರಿ ಹಾಕಿತು. ಅದಕ್ಕೆ ಖರ್ಚಾದ ಅಂಡ ನಾನೂರೈವತ್ತರ ಮೇಲೆ. ಎರಡು ತಂದೆಯರ ಇಲಿ ದೊಡ್ಡದಾಗುವವರೆಗೆ ಬದುಕಿದ್ದು 2025ರಲ್ಲಿ, ಚೀನಾದಲ್ಲಿ, ಇಪ್ಪತ್ತು ಜಾಗದ ಮುದ್ರೆ ತಿದ್ದಿದ ಮೇಲೆ.

ಗಿಡಗಳಲ್ಲಿ ಈ ಮುದ್ರೆ ಇಲ್ಲವೇ ಎಂದರೆ ಇದೆ, ಬೀಜಕ್ಕೆ ಅನ್ನ ಕೊಡುವ ಭಾಗದಲ್ಲಿ. ಮೆಕ್ಕೆಜೋಳದ ಬಣ್ಣದ ಒಂದು ಜೀನು ತಾಯಿಯಿಂದ ಬಂದರೆ ಕಾಳು ತುಂಬಾ ಕೆಂಪು, ಪರಾಗದಿಂದ ಬಂದರೆ ಚುಕ್ಕೆ ಚುಕ್ಕೆ ಎಂದು ಕರ್ಮಿಕಲ್ ಎಂಬವರು 1970ರಲ್ಲೇ ತೋರಿಸಿದ್ದರು. ನಾವು ತುರಿಯುವ ತೆಂಗಿನಕಾಯಿಯ ಬಿಳಿ ತಿರುಳೂ ಅದೇ ಭಾಗ, ಅದರಲ್ಲಿ ತಾಯಿಯ ಪಾಲು ಎರಡು, ತಂದೆಯದ್ದು ಒಂದು. ಕಾಸರಗೋಡಿನ ಸಂಶೋಧನಾ ಕೇಂದ್ರದವರು ಗಿಡ್ಡ ತಾಯಿಗೆ ಎತ್ತರದ ತಂದೆ ಕೂಡಿಸಿದ ಚಂದ್ರಸಂಕರ, ಎತ್ತರದ ತಾಯಿಗೆ ಗಿಡ್ಡ ತಂದೆ ಕೂಡಿಸಿದ ಕೇರಸಂಕರ ಎಂದು ಎರಡು ಹೆಸರಿಟ್ಟಿದ್ದಾರೆ. ಸಸಿ ಕೊಳ್ಳುವಾಗ ತಾಯಿ ಯಾವುದು ತಂದೆ ಯಾವುದು ಎಂದು ಕೇಳುವ ನಾವು ಹಟ್ಟಿಯ ವಿಷಯದಲ್ಲಿ ಅದನ್ನು ಮರೆತದ್ದೇ ಚೋದ್ಯ.

ಕುದುರೆ, ಕತ್ತೆ, ಕುರಿ

ತಾಯಿಯ ಬ್ರೇಕು ಎಷ್ಟು ಗಟ್ಟಿ ಎಂಬುದಕ್ಕೆ ಹಳೆಯದೊಂದು ಪರೀಕ್ಷೆ ಇದೆ. 1938ರಲ್ಲಿ ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಆನೆಯಂಥ ಶೈರ್ ಕುದುರೆಯನ್ನೂ ಆಡಿನಂಥ ಶೆಟ್‌ಲ್ಯಾಂಡ್ ಕುದುರೆಯನ್ನೂ ಎರಡು ದಿಕ್ಕಿನಲ್ಲಿ ಕೂಡಿಸಿದರು, ಕೃತಕ ಗರ್ಭಧಾರಣೆಯಿಂದ. ದೊಡ್ಡ ತಾಯಿಯ ಮರಿ ಹುಟ್ಟುವಾಗ ಸಣ್ಣ ತಾಯಿಯ ಮರಿಯ ಸುಮಾರು ಮೂರು ಪಾಲು ತೂಗಿತು. ಸಣ್ಣ ತಾಯಿ ತನ್ನ ಅಳತೆಗೆ ಮರಿಯನ್ನು ಹಿಡಿದಿಟ್ಟಿತ್ತು, ಹೆರಿಗೆಯೂ ಸಲೀಸು. ಇದನ್ನು ಕೇಳಿ ನನಗೆ ನನ್ನ ಕಡಸು ನೆನಪಾಗಿ ಹೊಟ್ಟೆ ಉರಿಯಿತು. ಎಲ್ಲ ತಾಯಿಗೂ ಎಲ್ಲ ತಂದೆಯನ್ನೂ ಹಿಡಿದಿಡಲು ಆಗುವುದಿಲ್ಲ.

ತಂದೆಯ ಎಳೆತಕ್ಕೆ ಸಾಕ್ಷಿ ಹೇಸರಗತ್ತೆ. ಗಂಡು ಕತ್ತೆ, ಹೆಣ್ಣು ಕುದುರೆ ಕೂಡಿದರೆ ಹೇಸರಗತ್ತೆ. ತಿರುಗಿಸಿ ಗಂಡು ಕುದುರೆ, ಹೆಣ್ಣು ಕತ್ತೆ ಕೂಡಿದರೆ ಹುಟ್ಟುವುದು ಬೇರೆಯೇ ತರದ ಪ್ರಾಣಿ. ಜೀನಿನ ಲೆಕ್ಕದಲ್ಲಿ ಎರಡೂ ಅರ್ಧ ಕುದುರೆ, ಅರ್ಧ ಕತ್ತೆ. ಗಬ್ಬದ ಕುದುರೆಯ ರಕ್ತದಲ್ಲಿ ಒಂದು ಹಾರ್ಮೋನು ತುಂಬಿರುತ್ತದೆ, ಅದನ್ನು ಮಾಡುವುದು ಮರಿಯ ಕಸದಿಂದ ಗರ್ಭಕೋಶಕ್ಕೆ ಇಳಿದ ಕಣಗಳು. ಪಶುವೈದ್ಯರು ಬೆದೆಗೆ ತರಿಸಲು ಬಳಸುವ ಪಿಎಂಎಸ್‌ಜಿ ಇಂಜೆಕ್ಷನ್ ಅದರದ್ದೇ. ಅಲೆನ್ ಎಂಬವರು 1969ರಲ್ಲಿ ನೋಡಿದ್ದೇನೆಂದರೆ, ಹೊಟ್ಟೆ ಯಾರದ್ದೇ ಇರಲಿ, ತಂದೆ ಕುದುರೆಯಾದರೆ ಆ ಹಾರ್ಮೋನು ಹೆಚ್ಚು, ತಂದೆ ಕತ್ತೆಯಾದರೆ ತೀರಾ ಕಡಿಮೆ. 2013ರಲ್ಲಿ ಅಮೆರಿಕದ ಕಾರ್ನೆಲ್‌ನವರು ಇವುಗಳ ಕಸ ಪರೀಕ್ಷಿಸಿ ಮುದ್ರೆಯ ಹಲವು ಜೀನುಗಳನ್ನು ಗುರುತಿಸಿದರು.

ಕುರಿಯ ಕತೆ ಇನ್ನೂ ಮಜಾ. 1983ರಲ್ಲಿ ಅಮೆರಿಕದ ಒಕ್ಲಹಾಮಾದಲ್ಲಿ ಒಂದು ಟಗರು ಹುಟ್ಟಿತು. ಕೆಲವು ವಾರ ಕಳೆದ ಮೇಲೆ ಅದರ ಹಿಂಭಾಗ ಪೈಲ್ವಾನರ ತೊಡೆಯ ಹಾಗೆ ಉಬ್ಬಿತು. ಮಾಂಸದವರಿಗೆ ಹಬ್ಬ! ಆ ಟಗರಿನ ಮರಿಗಳಲ್ಲಿ ಕೆಲವಕ್ಕೆ ಆ ಗುಣ ಬಂತು. ಅಂಥ ಹೆಣ್ಣುಕುರಿಯನ್ನು ಮಾಮೂಲು ಟಗರಿಗೆ ಬಿಟ್ಟರೆ ಒಂದು ಮರಿಯಲ್ಲೂ ಇಲ್ಲ. ಸರಿ, ಎರಡು ಕಡೆಯಿಂದಲೂ ಬರಲಿ ಎಂದು ಕೂಡಿಸಿದರೆ ಎರಡು ಪ್ರತಿ ಬಂದ ಮರಿಯೂ ಮಾಮೂಲಿನಂತೆಯೇ. ತಂದೆಯಿಂದ ಒಂದು, ತಾಯಿಯಿಂದ ಮಾಮೂಲಿನದ್ದು ಒಂದು ಬಂದರೆ ಮಾತ್ರ ಉಬ್ಬು. 1996ರಲ್ಲಿ ಇದನ್ನು ಬಿಡಿಸಿ ಬರೆದರು. ಮಾಂಸ ಮಾತ್ರ ಚಪ್ಪಲಿಯ ಹಾಗೆ ಗಟ್ಟಿಯಾದ ಕಾರಣ ಪೇಟೆಯಲ್ಲಿ ನಡೆಯಲಿಲ್ಲ. ಹಂದಿಯಲ್ಲಿ ಇದೇ ತರದ್ದು ಲಾಭಕ್ಕೆ ಬಂದಿದೆ. ಐಜಿಎಫ್‌2 ಜೀನಿನ ಒಂದೇ ಅಕ್ಷರ ಬದಲಾದ ಪ್ರತಿ ತಂದೆಯಿಂದ ಬಂದರೆ ಮಾಂಸ ಹೆಚ್ಚು, ಕೊಬ್ಬು ಕಡಿಮೆ ಎಂದು 2003ರಲ್ಲಿ ಗೊತ್ತಾಯಿತು. ನಮ್ಮಲ್ಲಿ ಹಂದಿ ಸಾಕುವವರು ಗಂಡುಹಂದಿ ತರುವಾಗ ತಳಿ ನೋಡಿ ತನ್ನಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಹಟ್ಟಿಗೆ ಬಂದರೆ

ನಮ್ಮಲ್ಲಿ ಐವತ್ತು ವರ್ಷದಿಂದ ನಡೆಯುತ್ತಿರುವ ಮಿಶ್ರತಳಿ ಹೆಚ್ಚಾಗಿ ಒಂದೇ ದಿಕ್ಕಿನದ್ದು. ತಾಯಿ ಊರಿನದ್ದು, ತಂದೆ ಸೀಮೆಯದ್ದು. ಹಾಗಾಗಿ ದಿಕ್ಕು ಬದಲಾದರೆ ಏನಾಗುತ್ತದೆಂದು ನಮಗೆ ಅಂದಾಜಿಲ್ಲ. ಅಮೆರಿಕದ ಟೆಕ್ಸಾಸ್ ಕಡೆಯವರಿಗೆ ಇದೆ. ಅವರ ಹತ್ತಿರ ಬ್ರಾಹ್ಮನ್ ಎಂಬ ಗೂನು ದನ ಇದೆ. ಅದರ ಮೂಲ ನಮ್ಮ ಗಿರ್, ಕಾಂಕ್ರೇಜ್, ಓಂಗೋಲ್, ಜೊತೆಗೆ ನಮ್ಮದೇ ರಾಜ್ಯದ ಕೃಷ್ಣಾ ಕಣಿವೆ ತಳಿ. ಗೂನಿನ ಹೋರಿಯನ್ನು ಸೀಮೆ ದನಕ್ಕೆ ಬಿಟ್ಟರೆ ಕರು ಹೆಚ್ಚು ಭಾರದ್ದಾಗಿ ಹುಟ್ಟುತ್ತದೆ, ಗಂಡು ಕರುವಾದರೆ ಇನ್ನೂ ಭಾರ. ಸೀಮೆ ಹೋರಿಯನ್ನು ಗೂನಿನ ದನಕ್ಕೆ ಬಿಟ್ಟರೆ ಅದೇ ಅರ್ಧ ಅರ್ಧದ ಕರು ಹಗುರ. ಬಸಿರಿನ ಜಾಗದ ಗುಣವಿರಬಹುದೆಂದು ಭ್ರೂಣ ತೆಗೆದು ಬೇರೆ ದನದ ಹೊಟ್ಟೆಯಲ್ಲಿಟ್ಟೂ ನೋಡಿದರು. ಆಗಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಯಾರು ತಂದೆ ಎಂಬುದರದ್ದೇ ಒಂದು ಪಾಲು ಅದರಲ್ಲಿದೆ. ಮುದ್ರೆಯ ಜೀನುಗಳ ಮೇಲೆ ಸಂಶಯ ಹೋದದ್ದು ಹಾಗೆ.

ಇದನ್ನು ಇಲ್ಲಿ ಒತ್ತಿ ಬರೆಯಲು ಕಾರಣವಿದೆ. ದೇಸಿ ಹಾಲಿಗೆ ಬೇಡಿಕೆ ಬಂದ ಮೇಲೆ ಪುತ್ತೂರು ಸುತ್ತಮುತ್ತ ಎಷ್ಟೋ ಜನ ಜರ್ಸಿ, ಎಚ್‌ಎಫ್ ಮಿಶ್ರತಳಿ ದನಕ್ಕೆ ಗಿರ್, ಸಾಹಿವಾಲ್ ಇಂಜೆಕ್ಷನ್ ಕೊಡಿಸುತ್ತಿದ್ದಾರೆ. ಅದು ಟೆಕ್ಸಾಸಿನ ಭಾರದ ದಿಕ್ಕು. ನಮ್ಮ ದನಗಳು ಶುದ್ಧ ಸೀಮೆಯವಲ್ಲ, ಬೆರಕೆ. ಆದ್ದರಿಂದ ಅಷ್ಟೇ ವ್ಯತ್ಯಾಸ ಬಂದೀತೆಂದು ಹೆದರಬೇಕಾಗಿಲ್ಲ. ಆದರೆ ಮೊದಲ ಬಸಿರಿಗೆ, ಸಣ್ಣ ಅಳತೆಯ ಕಡಸಿಗೆ ಹಾಗೆ ಕೊಡಿಸಿದ್ದರೆ ದಿನ ಬರೆದಿಟ್ಟುಕೊಳ್ಳಿ, ಆ ವಾರ ಮದುವೆ ಮುಂಜಿಗೆಂದು ಮನೆ ಬಿಡಬೇಡಿ.

ಊರ ದನಕ್ಕೆ ಎಚ್‌ಎಫ್ ಬೇಡವೇ ಬೇಡ. ಇದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಕಡಸಿನ ಸಾವಿಗೆ ದೊಡ್ಡ ಕಾರಣ ತಳಿಯ ಗಾತ್ರವೇ. ಎಲ್ಲವನ್ನೂ ಮುದ್ರೆಯ ತಲೆಗೆ ಕಟ್ಟುವುದಿಲ್ಲ. ಆದರೆ "ತಾಯಿ ಸಣ್ಣದಿದ್ದರೆ ಕರುವೂ ಸಣ್ಣದೇ ಆಗ್ತದೆ, ಹೆದರ್ಬೇಡಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಊರ ದನ ಎಂದರೆ ಹೆಸರಿಲ್ಲದ ದನವೂ ಅಲ್ಲ. ಮಲೆನಾಡು ಗಿಡ್ಡ ಎಂದು ಕರ್ನಾಲಿನ ರಾಷ್ಟ್ರೀಯ ಬ್ಯೂರೋ ದಾಖಲೆ ಮಾಡಿದ ತಳಿ ಅದು. ಕಡಬ ತಾಲೂಕಿನ ಕೊಯಿಲದ ಸರಕಾರಿ ಫಾರ್ಮಿನಲ್ಲಿ ಈ ತಳಿಯನ್ನು ಸಾಕುತ್ತಾರೆ. ಚೊಚ್ಚಲಿಗೆ ಅದೇ ತಳಿಯ ಹೋರಿ ಸಿಕ್ಕಿದರೆ ಬೇರೆ ಯೋಚನೆಯೇ ಬೇಡ.

ಇನ್ನೊಂದು ಮಾತು ಐವಿಎಫ್ ಕರುಗಳ ಬಗ್ಗೆ. ಕೇಂದ್ರದ ಗೋಕುಲ ಮಿಷನ್ ಯೋಜನೆಯಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಭ್ರೂಣವನ್ನು ದನದ ಹೊಟ್ಟೆಯಲ್ಲಿಡುವ ಕೆಲಸ ನಡೆಯುತ್ತಿದೆ. ಒಳ್ಳೆಯದೇ. ಆದರೆ ಭ್ರೂಣದ ಮೊದಲ ಕೆಲವು ದಿನ ಮುದ್ರೆಗಳಿಗೆ ನಾಜೂಕಿನ ಕಾಲ. ಗಾಜಿನ ತಟ್ಟೆಯ ರಸದಲ್ಲಿ ಕಳೆದ ಆ ದಿನಗಳಲ್ಲಿ ಕೆಲವೊಮ್ಮೆ ಸೀಲು ಅಳಿಸಿಹೋಗುತ್ತದೆ. ಪರದೇಶದಲ್ಲಿ 1990ರ ದಶಕದಲ್ಲೇ ಇಂಥ ಕರು, ಕುರಿಮರಿಗಳು ಅತಿ ದೊಡ್ಡದಾಗಿ, ನಾಲಗೆ ದಪ್ಪವಾಗಿ, ಹೊಕ್ಕುಳು ಉಬ್ಬಿ ಹುಟ್ಟಿದ್ದವು. 2001ರಲ್ಲಿ ಡಾಲಿ ಕುರಿಯ ಊರಾದ ಸ್ಕಾಟ್‌ಲೆಂಡಿನ ರೋಸ್ಲಿನ್‌ನವರು ಕಾರಣ ಹುಡುಕಿದಾಗ ಸಿಕ್ಕಿದ್ದು ಆಗಲೇ ಹೇಳಿದ ಐಜಿಎಫ್‌2ಆರ್. ತಾಯಿಯ ಬ್ರೇಕಿನ ಮುದ್ರೆ ಹೋಗಿತ್ತು. ಈಗ ರಸ ಸುಧಾರಿಸಿ ಅದು ಕಡಿಮೆಯಾಗಿದೆ. ತದ್ರೂಪಿ ಮಾಡುವಲ್ಲಿ ಇನ್ನೂ ಕಷ್ಟ, ಅಲ್ಲಿ ತಂದೆ ತಾಯಿ ಸೀಲು ಒತ್ತುವ ಹಂತವೇ ಇಲ್ಲವಲ್ಲ. ಕರ್ನಾಲಿನಲ್ಲಿ 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ತದ್ರೂಪಿ ಎಮ್ಮೆಕರು ಕೆಲವೇ ದಿನ ಬದುಕಿತು. ಆಮೇಲಿನ ಗರಿಮಾ-2 ಬೆಳೆದು 2013ರಲ್ಲಿ ತಾನೇ ಕರು ಹಾಕಿತು. ಹಾಗಾಗಿ ಭ್ರೂಣ ಇಡಿಸುವವರು "ಹೊರುವ ದನ ಎಷ್ಟು ದೊಡ್ಡದಿರಬೇಕು, ದಿನ ಮೀರಿದರೆ ಎಂತ ಮಾಡಬೇಕು" ಎಂದು ಮೊದಲೇ ಡಾಕ್ಟ್ರಲ್ಲಿ ಕೇಳಿ. ಕೇಳಿದರೆ ಅವರೇನು ಬೇಸರ ಮಾಡುವುದಿಲ್ಲ.

ಸತ್ತ ಕಡಸಿಗೆ ಒಂದು ತಂಗಿ ಇತ್ತು. ಅದಕ್ಕೆ ಗಿಡ್ಡ ಹೋರಿಯನ್ನೇ ಹುಡುಕಿ ಬಿಡಿಸಿದೆ. ನಾಲ್ಕು ಮೈಲಿ ನಡೆಸಿಕೊಂಡು ಹೋಗಬೇಕಾಯಿತು, ಊರಿನಲ್ಲಿ ಹೋರಿಯೇ ಉಳಿದಿಲ್ಲ. 2019ರಲ್ಲಿ ಗೇರು ಗುಡ್ಡೆಯಲ್ಲಿ ಮೇಯುತ್ತಿದ್ದಲ್ಲೇ ಕರು ಹಾಕಿ, ಸಂಜೆ ಕರುವನ್ನು ಹಿಂದೆ ಕರೆದುಕೊಂಡು ಹಟ್ಟಿಗೆ ಬಂತು. ಎರಡನೇ ಸಲ ಜರ್ಸಿ ಕೊಡಿಸಿದೆ, ಸ್ವಲ್ಪ ತಿಣುಕಿದರೂ ತಾನೇ ಹಾಕಿತು.

ನೆರೆಮನೆಯ ಭಟ್ರು ಅವರ ಎಚ್‌ಎಫ್ ಬೆರಕೆಯ ಕಡಸಿಗೆ ಕಳೆದ ವರ್ಷ ಗಿರ್ ಕೊಡಿಸಿದ್ದಾರೆ. ನಾನು ಈ ಕತೆಯೆಲ್ಲ ಹೇಳಿದ್ದಕ್ಕೆ, "ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ್ರೆ" ಎಂದರು. ಸೋಣ ತಿಂಗಳಿಗೆ ದಿನ. ಹತ್ತಿಯ ಹಗ್ಗ, ಸಾಬೂನು, ಒಂದು ಟಾರ್ಚು ಹಟ್ಟಿಯ ಕಂಬಕ್ಕೆ ಕಟ್ಟಿಟ್ಟಿದ್ದಾರೆ. ಡಾಕ್ಟ್ರ ನಂಬರನ್ನು ಮಸಿಯಿಂದ ಗೋಡೆಗೇ ಬರೆದಿದ್ದಾರೆ.